ಬುಟ್ಟಾ ಹಾಕಿದಂತೆ ರಾಕ್ಷಸರು

ಕಂಪ್ಯೂಟರ್ ಗೇಮ್ ಎಂದರೆ ಕೈಕಟ್ಟಿ ಕೂತು ನೋಡುವ ಒಂದು ಬಗೆಯ ಸಿನಿಮಾ ಎಂದು ತೊಂಬತ್ತೆಂಟನೇ ಇಸವಿಯವರೆಗೂ ನಾನು ನಂಬಿದ್ದೆ. ಆ ನಂಬಿಕೆಯನ್ನು ನನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು ಅದನ್ನು ಅಚ್ಚು ಹಾಕಿಸಿದೆ.

ಆಗ ನಾನು ದೊಡ್ಡಬಳ್ಳಾಪುರದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಬೇರೆಯವರ ತಪ್ಪು ತಿದ್ದುವವನಿಗೆ ಲೋಕದ ಎಲ್ಲ ವಿಷಯವೂ ತಾನಾಗಿಯೇ ತಿಳಿದಿರುತ್ತದೆ ಎಂಬುದು ನಮ್ಮ ಭಾನುವಾರದ ಪುರವಣಿ ನೋಡಿಕೊಳ್ಳುತ್ತಿದ್ದ ವೆಂಕಟರಮಣಪ್ಪನವರ ಅಭಿಪ್ರಾಯ. ನನ್ನದೂ ಅದೇ. ಪುರವಣಿಗೆ ಕಂಪ್ಯೂಟರ್ ಪುಟ ಅಂತ ಹೊಸದಾಗಿ ಶುರುವಾದಾಗ ಅವರು ಒಂದು ಸಿ.ಡಿ.ಯನ್ನು ನನ್ನ ಮೇಜಿನ ಮೇಲೆ ಹಾಕಿ, "ಲೇ ಮುನಿಕೃಷ್ಣ, ಇದೇನೋ ನಮ್ಮ ಬೆಂಗಳೂರೋರೇ ಮಾಡಿರೋದಂತೆ. ನೋಡ್ಬಿಟ್ಟು ಏನಾದ್ರೂ ಬರ್ಕೊಡು. ಹುಡುಗ್ರಿಗೆ ಇವೆಲ್ಲ ಗೊತ್ತಿರುತ್ತೆ" ಎಂದರು.

ನಮ್ಮ ಆಪರೇಟರು ಅದನ್ನು ಯಂತ್ರಕ್ಕೆ ಹಾಕಿಕೊಟ್ಟು ಊಟಕ್ಕೆ ಹೋದ. 'ಪಾತಾಳದ ಬಾಗಿಲು' ಎಂದು ಹೆಸರು ಬಂತು. ಆಮೇಲೆ ಒಂದು ಕಲ್ಲಿನ ಬಾಗಿಲು, ಅದರ ಮುಂದೆ ಕತ್ತಿ ಹಿಡಿದ ಒಬ್ಬ ವೀರ. ನಾನು ಕುರ್ಚಿಗೆ ಒರಗಿ ಕೂತೆ. ವೀರ ನಿಂತೇ ಇದ್ದ. ಅವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹೆಗಲ ವಸ್ತ್ರದ ಅಂಚು ಗಾಳಿಗೆ ಅಲುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಎಡಗಡೆಯಿಂದ ಒಬ್ಬ ರಾಕ್ಷಸ ಬಂದು ಅವನನ್ನು ಕಡಿದ. ವೀರ ಬಿದ್ದ, ಪರದೆ ಕಪ್ಪಾಯಿತು. ಮತ್ತೆ ಬೆಳಕಾದಾಗ ವೀರ ಅದೇ ಬಾಗಿಲ ಮುಂದೆ, ಅದೇ ಭಂಗಿಯಲ್ಲಿ. ಮತ್ತೆ ರಾಕ್ಷಸ ಬಂದ, ಮತ್ತೆ ಕಡಿದ. ಊಟದ ಹೊತ್ತು ಮುಗಿಯುವವರೆಗೂ ಆ ಪುಣ್ಯಾತ್ಮ ಸಾಯುತ್ತ, ಹುಟ್ಟುತ್ತ ಇದ್ದ. ನಾನು ಗದ್ದಕ್ಕೆ ಕೈಕೊಟ್ಟು ನೋಡುತ್ತ ಇದ್ದೆ. ಪಕ್ಕದಲ್ಲೇ ಇದ್ದ ಮೌಸನ್ನು ಮಾತ್ರ ಮುಟ್ಟಲಿಲ್ಲ. ಕಚೇರಿಯ ಸಾಮಾನು, ಕೆಟ್ಟರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಭಯ.

ಭಾನುವಾರ ನನ್ನ ವಿಮರ್ಶೆ ಬಂತು. "ಕಥೆಯ ಓಟ ನಿಧಾನವಾದರೂ ಹುಟ್ಟುಸಾವುಗಳ ವ್ಯರ್ಥತೆಯನ್ನು ನಿರ್ದೇಶಕರು ಮನಮುಟ್ಟುವಂತೆ ಚಿತ್ರಿಸಿದ್ದಾರೆ. ನಾಯಕನ ಮೌನವೇ ಇಲ್ಲಿ ಮಾತು. ಹೆಗಲ ವಸ್ತ್ರದ ಅಂಚಿನ ಅಲುಗಾಟದಲ್ಲಿ ಅವನ ಒಳತೋಟಿ ಕಾಣುತ್ತದೆ." ವೆಂಕಟರಮಣಪ್ಪನವರು ಓದಿ, "ಪರ್ವಾಗಿಲ್ವೋ, ಆಳ ಇದೆ" ಎಂದರು. ಆ ಭಾನುವಾರ ನಾನು ಊರಿನಲ್ಲಿ ಸ್ವಲ್ಪ ನಿಧಾನವಾಗಿಯೇ ನಡೆದಾಡಿದೆ, ಗುರುತಿಸುವವರಿಗೆ ಅನುಕೂಲವಾಗಲಿ ಅಂತ.

ಗುರುತಿಸಿದವರು ಒಬ್ಬರೇ, ಗಫಾರ್ ಸಾಹೇಬರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರದು ಕಾರ್ಡ್ ಪಂಚಿಂಗ್ ಅಂಗಡಿ. ಸೀರೆಯ ಬಾರ್ಡರಿಗೆ ನವಿಲೋ ಮಾವಿನಕಾಯಿಯೋ ಬರಬೇಕಾದರೆ ಮೊದಲು ಅದನ್ನು ಚೌಕಳಿ ಹಾಳೆಯ ಮೇಲೆ ಬರೆಯಬೇಕು. ಅದಕ್ಕೆ ಊರಿನಲ್ಲಿ ಗ್ರಾಫ್ ಎನ್ನುತ್ತಾರೆ. ಆ ಗ್ರಾಫ್ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳ ಸರವನ್ನು ಮಗ್ಗದ ನೆತ್ತಿಯ ಮೇಲೆ ಏರಿಸಿದರೆ, ತೂತು ಹೇಳಿದ ಹಾಗೆ ಎಳೆ ಏಳುತ್ತದೆ, ನವಿಲು ಮೂಡುತ್ತದೆ. ಸಾಹೇಬರದು ತೂತು ಹೊಡೆಯುವ ಕೆಲಸ. ಗ್ರಾಫ್ ಬರೆಯುವುದು ಅವರ ಮಗಳು ಉಮ್ಮೆ ಹಬೀಬಾ.

"ಪೇಪರ್‌ನೋರೇ!" ಎಂದು ಸಾಹೇಬರು ಬೀದಿಯ ಆ ತುದಿಯಿಂದ ಕೂಗಿದರು. ಸುತ್ತ ಮಗ್ಗಗಳ ಸದ್ದಿನಲ್ಲಿ ನಮ್ಮೂರಿನವರು ಗುಟ್ಟನ್ನೂ ಕೂಗಿಯೇ ಹೇಳುವುದು. "ನಮ್ ಬೇಟಿ ಕೆಲಸಾನ ಎಷ್ಟ್ ಚೆಂದ ಬರ್ದಿದೀರಾ! ಬರ್ರಿ, ಬರ್ರಿ, ಟೀ ಕುಡೀದೆ ಹೋಗಂಗಿಲ್ಲ!"

ಆ ಗೇಮಿನ ರಾಕ್ಷಸರನ್ನು, ವೀರನನ್ನು, ಕಲ್ಲಿನ ಬಾಗಿಲನ್ನು ನಮ್ಮೂರಿನ ಹಬೀಬಕ್ಕ ಬರೆದದ್ದು ಎಂದು ನನಗೆ ಗೊತ್ತಾದದ್ದು ಹೀಗೆ. ಅಂಗಡಿಯ ಒಳಗೆ ತೂತಿನ ಯಂತ್ರದ ಪಕ್ಕ ಒಂದು ಕಂಪ್ಯೂಟರು ಟವೆಲ್ ಹೊದ್ದುಕೊಂಡು ಕೂತಿತ್ತು. ಅದರ ಮುಂದೆ ಹಬೀಬಕ್ಕ. ನನಗಿಂತ ಐದಾರು ವರ್ಷ ದೊಡ್ಡವಳು. ದಪ್ಪ ಕನ್ನಡಕ, ತಲೆಯ ಮೇಲೆ ದುಪಟ್ಟಾ, ಬೆರಳ ತುದಿಯಲ್ಲಿ ಯಾವಾಗಲೂ ಕೆಂಪು ಶಾಯಿ. ಏನನ್ನೇ ಆಗಲಿ ಒಂದು ಕಣ್ಣು ಮುಚ್ಚಿಕೊಂಡು ನೋಡುವ ಅಭ್ಯಾಸ. ನನ್ನನ್ನೂ ಹಾಗೇ ನೋಡಿದಳು.

"ನೀನು ಮೌಸ್ ಮುಟ್ಟೇ ಇಲ್ಲ, ಅಲ್ವಾ?"

ನಾನು ಟೀ ಲೋಟದೊಳಗೆ ನೋಡಿದೆ.

"ಆಡೋರು ಯಾರೂ ಆ ಬಟ್ಟೆ ಅಂಚು ನೋಡಿಲ್ಲ ಕಣಪ್ಪ. ಅವ್ರಿಗೆ ಹೊಡೆಯೋದ್ರಲ್ಲೇ ಪುರುಸೊತ್ತಿರಲ್ಲ. ಆ ಅಂಚು ಬರೆಯೋಕೆ ನಾನು ಎಷ್ಟ್ ಒದ್ದಾಡಿದೀನಿ ಗೊತ್ತಾ? ನೋಡಿದೋನು ಪ್ರಪಂಚದಲ್ಲಿ ನೀನೊಬ್ಬ. ಅದೂ ಏನೂ ಮಾಡ್ದೆ ಕೂತಿದ್ದಕ್ಕೆ." ಆಮೇಲೆ ಕುರ್ಚಿ ನನ್ನ ಕಡೆ ತಳ್ಳಿದಳು. "ಬಾ. ಇದು ನೋಡೋದಲ್ಲ, ಆಡೋದು. ಇಲ್ಲಿ ಒತ್ತು. ಅವ್ನು ನಡೀತಾನೆ."

ಒತ್ತಿದೆ. ವೀರ ನಡೆದ! ಒಂದಿಡೀ ಊಟದ ಹೊತ್ತು ನನ್ನ ಕಣ್ಣ ಮುಂದೆ ಸಾಯುತ್ತಿದ್ದವನು ನಾನು ಬೆರಳು ಅಲ್ಲಾಡಿಸಲಿ ಎಂದು ಕಾಯುತ್ತಿದ್ದ. ನನಗೆ ಅವನ ಕ್ಷಮೆ ಕೇಳಬೇಕು ಅನ್ನಿಸಿತು.

ಹಬೀಬಕ್ಕನ ಕಥೆ ದೊಡ್ಡದೇನಲ್ಲ. ಲಂಗ ಹಾಕುವ ವಯಸ್ಸಿನಲ್ಲೇ ಅಪ್ಪನ ಪಕ್ಕ ಕೂತು ಗ್ರಾಫಿನ ಚೌಕಗಳಿಗೆ ಕೆಂಪು ತುಂಬುವುದನ್ನು ಕಲಿತಳು. ಎಸ್ಸೆಸ್ಸೆಲ್ಸಿ ಮುಗಿಸಿದಳು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಗ್ರಾಫ್ ಅರ್ಧಕ್ಕೆ ನಿಂತಿರುತ್ತಿತ್ತು, ಗಂಡಿನ ಕಡೆಯವರಿಗೆ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಅವಳ ಬಾಯಿಗೆ ಊರಿನ ಮಗ್ಗದ ಮಾಲೀಕರೆಲ್ಲ ಹೆದರುತ್ತಿದ್ದರು. ಒಬ್ಬರು ಬಂದು ಸೆರಗಿನಲ್ಲಿ ನವಿಲು ಬೇಕು, ಕಮಲ ಬೇಕು, ದೀಪ ಬೇಕು, ಮೂಲೆಯಲ್ಲಿ ನಮ್ಮ ಅಂಗಡಿ ಹೆಸರೂ ಬೇಕು ಎಂದಾಗ ಇವಳು ಪೆನ್ನು ಕೆಳಗಿಟ್ಟು, "ಸೀರೆ ಮಾಡ್ತಿದೀರೋ, ಎಲೆಕ್ಷನ್ ಬ್ಯಾನರ್ ಮಾಡ್ತಿದೀರೋ?" ಎಂದಿದ್ದಳಂತೆ. ಅವರು ಬೇರೆ ಕಡೆ ಬರೆಸಲು ಹೋದರು. ವಾರದೊಳಗೆ ವಾಪಸು ಬಂದು ನವಿಲೊಂದೇ ಸಾಕು ಎಂದರು.

ಆದರೆ ಎರಡು ಮೂರು ವರ್ಷಗಳಿಂದ ಮಾಲೀಕರು ಹಾಗೆ ವಾಪಸು ಬರುವುದು ನಿಂತಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರು ಗ್ರಾಫ್ ಬರೆಯುತ್ತಿತ್ತು. ಹಳೆಯ ಸೀರೆಯನ್ನು ಗಾಜಿನ ಮೇಲೆ ಹರಡಿದರೆ ಸಾಕು, ಅದೇ ಚೌಕಳಿ ಮಾಡಿ ಕೊಡುತ್ತಿತ್ತು. ಹಬೀಬಕ್ಕ ಹೆದರದೆ ಹೋಗಿ ಆ ಕಂಪ್ಯೂಟರನ್ನೇ ಕಲಿತಳು. ಅಲ್ಲಿ ಕಲಿಸಲು ಬರುತ್ತಿದ್ದ ಶ್ರೀಧರ್ ಎಂಬವರು ಇವಳು ಚೌಕ ಚೌಕವಾಗಿ ಬರೆದ, ದೇವಸ್ಥಾನದ ಕಂಬದಲ್ಲಿರುವಂಥ ಒಂದು ಯಾಳಿಯನ್ನು ನೋಡಿ, "ಇದಕ್ಕೆ ಒಂದು ಕತ್ತಿ ಕೊಡೋಕಾಗುತ್ತಾ?" ಎಂದು ಕೇಳಿದರಂತೆ. ಅವರು ಮಲ್ಲೇಶ್ವರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಇಬ್ಬರು ಪಾಲುದಾರರ ಜೊತೆ ಗೇಮ್ ಮಾಡಲು ಹೊರಟಿದ್ದರು. ವೀರ ಪಾತಾಳಕ್ಕೆ ಇಳಿಯಬೇಕು, ಎದುರಾದವರನ್ನು ಕಡಿಯಬೇಕು, ಕಡಿದಷ್ಟೂ ಬಲ ಬರಬೇಕು, ಸತ್ತವರ ಹತ್ತಿರ ಸಿಕ್ಕ ಒಳ್ಳೆಯ ಕತ್ತಿಯನ್ನು ಎತ್ತಿಕೊಂಡು ಇನ್ನೂ ಕೆಳಗಿನ ಅಂತಸ್ತಿಗೆ ಇಳಿಯಬೇಕು. ಪ್ರೋಗ್ರಾಮು ಅವರದು, ಚಿತ್ರ ಮತ್ತು ನಕ್ಷೆ ಇವಳದು. ಮನೆಯಲ್ಲೇ ಮಾಡಲಿ ಎಂದು ಟವೆಲ್ ಹೊದ್ದ ಆ ಕಂಪ್ಯೂಟರನ್ನು ತಂದು ಅಂಗಡಿಯಲ್ಲಿ ಇಟ್ಟವರೂ ಅವರೇ.

"ಇದಕ್ಕೆ ಹೆಸರು ಬಂದ್ರೆ ಎರಡನೇದು ಮಾಡ್ತಾರಂತೆ," ಎಂದಳು ಅವತ್ತು. "ಅದಕ್ಕೂ ನಾನೇ ಬರೀಬೇಕು. ಡಬ್ಬಿ ಮೇಲೆ ನನ್ನ ಹೆಸರೂ ಹಾಕ್ತಾರಂತೆ. ಬರ್ಲಿಲ್ಲ ಅಂದ್ರೆ ಕಂಪ್ಯೂಟರ್ ಎತ್ಕೊಂಡು ಹೋಗ್ತಾರೆ. ಆಮೇಲೆ ನಾನೂ ಅಬ್ಬಾ ಜೊತೆ ಕೂತು ಯಾರೋ ಬರೆದಿದ್ದಕ್ಕೆ ತೂತು ಹೊಡೀಬೇಕು."

ಇದನ್ನು ಹೇಳುವಾಗ ಮಾತ್ರ ಅವಳು ಎರಡೂ ಕಣ್ಣು ತೆರೆದಿದ್ದಳು.

ಹದಿನೈದು ದಿನ ಕಳೆದಿರಬೇಕು, ಶ್ರೀಧರ್ ನಮ್ಮ ಕಚೇರಿಗೇ ಬಂದರು. ವಿಮರ್ಶಕರನ್ನು ಕಾಣಬೇಕು ಎಂದರಂತೆ. ಯಾರೋ ನನ್ನ ಕಡೆ ಕೈ ತೋರಿಸಿದರು. ಬಡಕಲು ಆಸಾಮಿ, ಕೈಯಲ್ಲಿ ಹೆಲ್ಮೆಟ್ಟು, ಅದರೊಳಗೆ ಒಂದು ಪತ್ರಿಕೆ. ನನ್ನ ಕೈ ಕುಲುಕಿ, "ಸರ್, ಇಡೀ ದೇಶದಲ್ಲಿ ನಮ್ಮ ಬಗ್ಗೆ ಒಳ್ಳೇ ಮಾತು ಬರೆದೋರು ನೀವೊಬ್ರೇ" ಎಂದರು. ಆ ಮಾತಿಗೆ ನನಗೆ ಬಂದಷ್ಟು ನಾಚಿಕೆ ಬೈದಿದ್ದರೂ ಬರುತ್ತಿರಲಿಲ್ಲ. ಆಮೇಲೆ ಅವರು ಹೆಲ್ಮೆಟ್ಟಿನಿಂದ ಆ ಪತ್ರಿಕೆ ತೆಗೆದು ಕೊಟ್ಟರು. ದೆಹಲಿಯಿಂದ ಬರುವ ಇಂಗ್ಲಿಷ್ ಕಂಪ್ಯೂಟರ್ ಮಾಸಪತ್ರಿಕೆ. ಅದರಲ್ಲಿ ಪೂರ್ತಿ ಒಂದು ಪುಟ 'ಪಾತಾಳದ ಬಾಗಿಲು'.

"ನೀವು ಅದೇ ಊರೋರಂತಲ್ಲ, ಇದನ್ನ ಹಬೀಬಾ ಅವ್ರಿಗೆ ಕೊಟ್ಬಿಡಿ. ನಂಗೆ ಕೊಡೋಕೆ ಧೈರ್ಯ ಇಲ್ಲ. ಪಾರ್ಟ್ನರುಗಳು ಇನ್ನು ಗೇಮ್ ಸಹವಾಸ ಸಾಕು, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಣ ಅಂತಿದಾರೆ. ಮುಂದಿನ ತಿಂಗಳು ಮೊದಲನೇ ಭಾನುವಾರ ಬಂದು ಕಂಪ್ಯೂಟರ್ ತಗೊಂಡು ಹೋಗ್ತೀನಿ ಅಂತ ಹೇಳಿ. ಬೇಜಾರು ಮಾಡ್ಕೋಬಾರ್ದಂತೆ ಅಂತನೂ ಹೇಳಿ."

ರೈಲಿನಲ್ಲಿ ಅದನ್ನು ಓದಿದೆ. ಬರೆದವನು ನನ್ನ ಹಾಗಲ್ಲ, ಕೊನೆಯವರೆಗೂ ಆಡಿದ್ದ. ಅದೇ ತೊಂದರೆ.

ಅಂಗಡಿಯಲ್ಲಿ ಸಾಹೇಬರು, "ಓದ್ರಿ ಪೇಪರ್‌ನೋರೇ, ಕನ್ನಡದಲ್ಲಿ ಹೇಳ್ರಿ, ದಿಲ್ಲಿನೋರು ಏನಂತಾರೆ" ಎಂದು ಸ್ಟೂಲು ಎಳೆದುಕೊಂಡು ಕೂತರು. ಪಕ್ಕದ ಮಗ್ಗದ ಚಿಕ್ಕಬೀರಪ್ಪನೂ ಬಾಗಿಲಿಗೆ ಒರಗಿ ನಿಂತ. ರಾಜಘಟ್ಟದಿಂದ ಸೈಕಲ್ಲಿನಲ್ಲಿ ಬಂದು ಹೋಗುವ ನೇಕಾರ ಅವನು. ಮಗ್ಗದ ಹಾಸು, ಅಂದರೆ ಉದ್ದನೆಯ ಎಳೆಗಳ ಸುರುಳಿ, ಮುಗಿದು ಹೊಸ ಹಾಸು ಏರಿಸುವವರೆಗೆ ಅವನಿಗೆ ಕೆಲಸವಿರುವುದಿಲ್ಲ. ಅಂಥ ಹೊತ್ತಿನಲ್ಲಿ ಇಲ್ಲಿ ಬಂದು ಗೇಮ್ ಆಡುತ್ತಿದ್ದ.

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಚಿತ್ರಗಳು ಬಹಳ ಶ್ರಮದಿಂದ ಕೂಡಿವೆ ಅಂತಾರೆ. ರಾಕ್ಷಸರೆಲ್ಲ ಬಹಳ... ಬಹಳ ಶಿಸ್ತಿನೋರು ಅಂತಾರೆ. ಆಡ್ತಾ ಆಡ್ತಾ ಮನಸ್ಸಿಗೆ ಒಂಥರಾ ಶಾಂತಿ..."

"ಆ ಪದಕ್ಕೆ ಶಾಂತಿ ಅಂತೀಯಾ?" ಹಬೀಬಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ನಿದ್ದೆ ಬರುತ್ತೆ ಅಂತ ಬರ್ದಿದಾನೆ. ನಾನೂ ಇಂಗ್ಲಿಷ್ ಪಾಸಾಗಿದೀನಿ. ಸರಿಯಾಗಿ ಓದು."

ಸರಿಯಾಗಿ ಓದಿದೆ. ರಾಕ್ಷಸರೆಲ್ಲ ಎಡ ಬಲ ಒಂದೇ ಸಮ. ಒಂದು ಕೈಯಲ್ಲಿ ಗದೆ ಇದ್ದರೆ ಇನ್ನೊಂದರಲ್ಲೂ ಅದೇ ಗದೆ, ಕನ್ನಡಿ ಹಿಡಿದ ಹಾಗೆ. ಅದನ್ನಾದರೂ ಸಹಿಸಬಹುದು. ಆದರೆ ಅವರು ಬರುವ ರೀತಿ! ಒಬ್ಬ ರಾಕ್ಷಸ, ಆಮೇಲೆ ಇಷ್ಟು ಖಾಲಿ ಜಾಗ, ಮತ್ತೊಬ್ಬ ರಾಕ್ಷಸ, ಮತ್ತೆ ಅಷ್ಟೇ ಖಾಲಿ ಜಾಗ. ಮೊದಲ ಅಂತಸ್ತಿನಿಂದ ಕೊನೆಯ ಅಂತಸ್ತಿನವರೆಗೆ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಪಾತಾಳಕ್ಕೆ ಇಳಿದವನಿಗೆ ಮುಂದಿನ ತಿರುವಿನಲ್ಲಿ ಏನಿದೆಯೋ ಎಂಬ ಭಯವಿರಬೇಕು. ಇಲ್ಲಿ ಅದೊಂದು ಬಿಟ್ಟು ಎಲ್ಲ ಇದೆ. ಹೀಗೆ ಬರೆದಿದ್ದ.

ಸಾಹೇಬರು ಎದ್ದು ನಿಂತರು. "ಒಂದೇ ಸಮ ಬಂದ್ರೆ ತಪ್ಪಾ? ಏನ್ರೀ ಇದು ಅನ್ಯಾಯ! ಬುಟ್ಟಾ ಹೆಚ್ಚುಕಮ್ಮಿ ಬಿದ್ರೆ ಸೀರೆ ಮುಖದ ಮೇಲೆ ಎಸೀತಾರೆ. ನಲವತ್ತು ವರ್ಷ ಆಯ್ತು, ನಮ್ಮ ಅಂಗಡಿ ಬುಟ್ಟಾ ಒಂದು ಎಳೆ ಆಕಡೆ ಈಕಡೆ ಆಗಿಲ್ಲ! ಆ ದಿಲ್ಲಿಯವ್ನ ಕರ್ಕೊಂಬರ್ರಿ, ಸ್ಕೇಲ್ ಇಟ್ಟು ತೋರಿಸ್ತೀನಿ!"

ನನಗೆ ಆಗ ಹೊಳೆಯಿತು. ಸೀರೆಯ ಮೈತುಂಬ ಅಲ್ಲಲ್ಲಿ ಬರುವ ಚಿಕ್ಕ ಹೂವಿಗೆ ಬುಟ್ಟಾ ಎನ್ನುತ್ತಾರೆ. ಅವುಗಳ ನಡುವಿನ ಜಾಗ ಅಳೆದಂತಿರಬೇಕು. ಗೇಮಿನ ನಕ್ಷೆಯೂ ಚೌಕಳಿ ಹಾಳೆಯ ಹಾಗೇ ಇರುತ್ತದೆ, ಯಾವ ಚೌಕದಲ್ಲಿ ರಾಕ್ಷಸ ನಿಲ್ಲಬೇಕೋ ಅಲ್ಲಿ ಒಂದು ಗುರುತು ಹಾಕಬೇಕು. ಹಬೀಬಕ್ಕ ಪಾತಾಳದ ಮೈತುಂಬ ರಾಕ್ಷಸರನ್ನು ಬುಟ್ಟಾ ಹಾಕಿದಂತೆ ಹಾಕಿದ್ದಳು. ಬಾರ್ಡರಿನ ನವಿಲನ್ನು ಅರ್ಧ ಬರೆದು ಉಳಿದರ್ಧ ಮಗುಚಿ ಹಾಕುವಂತೆ ಅವರನ್ನೂ ಅರ್ಧರ್ಧ ಬರೆದು ಮಗುಚಿದ್ದಳು. ಉಟ್ಟುಕೊಳ್ಳುವುದಾಗಿದ್ದರೆ ಅದಕ್ಕಿಂತ ಒಳ್ಳೆಯ ಪಾತಾಳ ಇನ್ನೊಂದಿಲ್ಲ.

ಬಾಗಿಲಲ್ಲಿದ್ದ ಚಿಕ್ಕಬೀರಪ್ಪ, "ಹೇಳ್ಬಾರ್ದು ಅನ್ಕಂಡಿದ್ದೆ ಕಣಮ್ಮ," ಎಂದ. "ನಾನು ಆಚೆ ಬೀದಿ ನೋಡ್ಕಂಡು ಬೀಡಿ ಸೇದ್ಕಂಡೇ ಆಡ್ತೀನಿ. ಕೈಗೇ ಗೊತ್ತಾಗುತ್ತೆ, ಈಗ ಬತ್ತಾನೆ ಅಂತ. ಹೊಡೀತೀನಿ, ಸಾಯ್ತಾನೆ, ಪಾಪ."

"ಮೊದಲೇ ಯಾಕ್ ಹೇಳ್ಲಿಲ್ಲ?"

"ನಿನ್ ಬಾಯಿಗೆ ಯಾರಮ್ಮ ಬೀಳ್ತಾರೆ?"

ಹಬೀಬಕ್ಕ ಪತ್ರಿಕೆಯನ್ನು ಮಡಚಿ ಕಂಪ್ಯೂಟರಿನ ಮೇಲಿಟ್ಟಳು. ಶ್ರೀಧರ್ ಬರುವ ಭಾನುವಾರದ ವಿಷಯ ಹೇಳಿದೆ. ಬೇಜಾರು ಮಾಡಿಕೊಳ್ಳಬಾರದಂತೆ ಎಂದೂ ಹೇಳಿದೆ. "ಬೇಜಾರು ಮಾಡ್ಕೊಳೋಕೆ ಟೈಮ್ ಎಲ್ಲಿದೆ?" ಎಂದು ಗೋಡೆಯ ಕ್ಯಾಲೆಂಡರು ನೋಡಿದಳು. ಪೂರ್ತಿ ಗೇಮ್ ಬದಲಾಯಿಸಲು ಆಗುವುದಿಲ್ಲ. ಎರಡನೇ ಅಂತಸ್ತು ಒಂದನ್ನು ಹೊಸದಾಗಿ ಮಾಡಿ ತೋರಿಸುತ್ತೇನೆ, ಆಮೇಲೆ ಬೇಕಾದರೆ ಕಂಪ್ಯೂಟರು ಎತ್ತಿಕೊಂಡು ಹೋಗಲಿ ಎಂದಳು.

ರಾಕ್ಷಸರ ಕೈಗಳನ್ನು ಸರಿಮಾಡುವುದು ಬೇಗ ಮುಗಿಯಿತು. ಒಬ್ಬನಿಗೆ ಎಡಗೈ ಮೋಟಾಯಿತು, ಇನ್ನೊಬ್ಬನಿಗೆ ಒಂದೇ ಕೊಂಬು ಉಳಿಯಿತು, ಮತ್ತೊಬ್ಬ ನಮ್ಮ ವೆಂಕಟರಮಣಪ್ಪನವರ ಹಾಗೆ ಒಂದು ಭುಜ ಎತ್ತಿಕೊಂಡು ನಡೆಯತೊಡಗಿದ (ಇದು ನಾನು ಕೊಟ್ಟ ಸಲಹೆ). ಕಷ್ಟವಾದದ್ದು ಅವರನ್ನು ನಿಲ್ಲಿಸುವುದು. ಹಬೀಬಕ್ಕ ಬೇಕೆಂದೇ ಅಡ್ಡಾದಿಡ್ಡಿ ಗುರುತು ಹಾಕುತ್ತಿದ್ದಳು. ದೂರದಿಂದ ನೋಡಿದರೆ ಮತ್ತೆ ಅದೇ ಸಾಲು. ಕೊನೆಗೆ ಚೌಕಳಿ ಹಾಳೆಯೊಂದನ್ನು ಮುಂದಿಟ್ಟುಕೊಂಡು, ದುಪಟ್ಟಾದಿಂದ ಕಣ್ಣು ಕಟ್ಟಿಕೊಂಡು ಪೆನ್ನಿನಿಂದ ಕುಕ್ಕಿದಳು. ಬಿಚ್ಚಿ ನೋಡಿದರೆ ಚುಕ್ಕೆಗಳು ಅಳೆದು ಇಟ್ಟಂತೆ ಕೂತಿದ್ದವು. ಸಾಹೇಬರು ನೋಡಿ, "ಮಾಶಾ ಅಲ್ಲಾ, ಕೈ ಅಂದ್ರೆ ಇದು!" ಎಂದರು. ಅವಳು ಹಾಳೆ ಹರಿದು ಬುಟ್ಟಿಗೆ ಹಾಕಿದಳು.

"ನೀನಾದ್ರೂ ಹಾಕಪ್ಪ," ಎಂದು ಪೆನ್ನು ನನಗೆ ಕೊಟ್ಟಳು. ನಾನು ಬಹಳ ಯೋಚಿಸಿ ಹಾಕಿದೆ. ರಾಕ್ಷಸರೆಲ್ಲ ಒಂದೇ ಮೂಲೆಯಲ್ಲಿ ಸೇರಿಕೊಂಡರು, ರೈಲಿನ ಬಾಗಿಲಲ್ಲಿ ನಿಲ್ಲುವವರ ಹಾಗೆ. ಅವಳು ಪೆನ್ನು ವಾಪಸು ಕಿತ್ತುಕೊಂಡಳು.

ಆ ಹೊತ್ತಿಗೆ ಪಕ್ಕದಲ್ಲಿ ಒಂದು ಮಗ್ಗದ ಸದ್ದು ನಿಂತಿತು. ಚಿಕ್ಕಬೀರಪ್ಪ ಏನೋ ಬೈದುಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಈ ಸಲ ಬೈಗುಳ ಇನ್ನೂ ಉದ್ದವಾಗಿತ್ತು. ಹಬೀಬಕ್ಕ ಪೆನ್ನು ಹಿಡಿದುಕೊಂಡೇ ಎದ್ದು ಹೋದಳು. ನಾನು ಹಿಂದೆ ಹೋದೆ.

"ಏನಾಯ್ತು ಬೀರಪ್ಪಣ್ಣ?"

"ಆಗೋದೇನು? ಎಳೆ ಕಡೀತು. ನೂಲು ಸರಿಯಿಲ್ಲ ಇವತ್ತು."

"ಯಾವಾಗ ಕಡಿಯುತ್ತೆ ಅಂತ ಮೊದ್ಲೇ ಗೊತ್ತಾಗುತ್ತಾ?"

"ಗೊತ್ತಾಗಿದ್ರೆ ನಾನ್ಯಾಕೆ ಇಲ್ಲಿ ಇರ್ತಿದ್ದೆ, ಶಾಸ್ತ್ರ ಹೇಳ್ಕಂಡು ಬದುಕ್ತಿದ್ದೆ. ಅದೇನು ಹೇಳಿ ಕೇಳಿ ಕಡಿಯುತ್ತಾ? ಕಣ್ಣು ಆಚೆ ಹೋಯ್ತು ಅನ್ನು, ಪಟ್ ಅನ್ನುತ್ತೆ. ಒಂದೊಂದು ಸಲ ಅರ್ಧ ಸೀರೆ ಸುಮ್ಗಿರುತ್ತೆ. ಒಂದೊಂದು ಸಲ ಒಂದ್ರ ಹಿಂದೆ ಒಂದು."

ಹಬೀಬಕ್ಕ ಒಂದು ಕಣ್ಣು ಮುಚ್ಚಿ ಮಗ್ಗವನ್ನು ನೋಡಿದಳು. ಆಮೇಲೆ ಅಂಗಡಿಯಿಂದ ಒಂದು ಹೊಸ ಗ್ರಾಫ್ ಹಾಳೆ ತಂದು, ನೂಲಿನ ಮೂಟೆಯ ಮೇಲೆ ಕೂತಳು. ಬಟ್ಟೆಯ ಅಗಲಕ್ಕೆ ಹಾಳೆಯ ಅಗಲ, ಉದ್ದಕ್ಕೆ ಉದ್ದ. ಎಳೆ ಎಲ್ಲಿ ಕಡಿಯಿತೋ ಹಾಳೆಯ ಆ ಜಾಗಕ್ಕೆ ಒಂದು ಕೆಂಪು ಚುಕ್ಕೆ. ನಾನು ಸಂಜೆ ರೈಲಿಳಿದು ಬಂದಾಗಲೆಲ್ಲ ಅವಳು ಆ ಮೂಟೆಯ ಮೇಲೇ ಇರುತ್ತಿದ್ದಳು. ಚಿಕ್ಕಬೀರಪ್ಪನಿಗೆ ಮೊದಮೊದಲು ಸಂಕೋಚ. "ನನ್ ಮಗ್ಗದ ಮರ್ವಾದೆ ತಗೀತಾವ್ಳೆ, ಕಡಿದಿದ್ದೆಲ್ಲ ಬರ್ಕತಾವ್ಳೆ" ಎಂದು ಗೊಣಗುತ್ತಿದ್ದ. ಆಮೇಲೆ ಅವನಿಗೇ ಹುರುಪು ಬಂದು, ಎಳೆ ಕಡಿದಾಗ "ಬರ್ಕೋ ತಾಯಿ, ಇನ್ನೊಬ್ಬ ಬಂದ!" ಎಂದು ಕೂಗತೊಡಗಿದ. ನಾಲ್ಕು ದಿನ ನೂಲು ಒಳ್ಳೆಯದು ಬಂದು ಒಂದೂ ಎಳೆ ಕಡಿಯದೆ ಹೋದಾಗ ಇಬ್ಬರೂ ಸಪ್ಪಗೆ ಕೂತಿದ್ದರು. ಕಡಿಯದ ನೂಲಿಗೆ ನೇಕಾರನೊಬ್ಬ ಬೇಸರ ಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚುಕ್ಕೆಗಳು ಸಾಕಷ್ಟಾದ ಮೇಲೆ ಅವನ್ನು ನಕ್ಷೆಗೆ ಇಳಿಸಿದಳು. ಎಲ್ಲಿ ಎಳೆ ಕಡಿದಿತ್ತೋ ಅಲ್ಲೊಬ್ಬ ರಾಕ್ಷಸ. ಶನಿವಾರ ಚಿಕ್ಕಬೀರಪ್ಪನನ್ನೇ ಕರೆದು ಕೂರಿಸಿದಳು. ಅವನು ಹಳೆಯ ಅಭ್ಯಾಸದಂತೆ ಬೀಡಿ ಹಚ್ಚಿಕೊಂಡು ಬೀದಿಯ ಕಡೆ ಮುಖ ಮಾಡಿದ. ಬಹಳ ದೂರ ಯಾರೂ ಬರಲಿಲ್ಲ. "ಏನಮ್ಮ, ರಜಾ ಹಾಕವ್ರಾ ನಿನ್ ರಾಕ್ಷಸ್ರು?" ಎಂದು ನಗಲು ಬಾಯಿ ತೆರೆದ. ಒಂಟಿಕೊಂಬಿನವನು ಕಂಬದ ಹಿಂದಿನಿಂದ ಬಂದ. ಚಿಕ್ಕಬೀರಪ್ಪ "ಅಯ್ಯಪ್ಪೋ!" ಎಂದು ಹಿಂದಕ್ಕೆ ಜಿಗಿದ ಹೊಡೆತಕ್ಕೆ ಸ್ಟೂಲು ಉರುಳಿತು, ಬೀಡಿ ನನ್ನ ಪ್ಯಾಂಟಿನ ಮೇಲೆ ಬಿತ್ತು. ಒಳ್ಳೆಯ ಪ್ಯಾಂಟು. ಆ ತೂತು ಈಗಲೂ ಇದೆ, ಆದರೆ ಅಷ್ಟು ಸಂತೋಷದ ತೂತು ನನ್ನ ಬೇರೆ ಯಾವ ಬಟ್ಟೆಯಲ್ಲೂ ಇಲ್ಲ.

ಚಿಕ್ಕಬೀರಪ್ಪ ಎದ್ದು ಬೀಡಿ ಹುಡುಕಲಿಲ್ಲ. ಸ್ಟೂಲು ಎತ್ತಿ ನಿಲ್ಲಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತ. ಹಾಸು ಏರಿಸಿ ಆಯಿತು ಎಂದು ಪಕ್ಕದಿಂದ ಕರೆ ಬಂದರೂ, "ತಡೀರೋ, ಇಲ್ಲೊಬ್ಬ ಸಿಕ್ಕವ್ನೆ" ಎನ್ನುತ್ತಿದ್ದ.

ಭಾನುವಾರ ಶ್ರೀಧರ್ ಬಂದರು. ಸ್ಕೂಟರಿನ ಹಿಂದೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಕಟ್ಟಿತ್ತು. ಕಂಪ್ಯೂಟರು ತುಂಬಿಕೊಂಡು ಹೋಗಲು ತಂದದ್ದು. ಅದನ್ನು ನೋಡಿ ಸಾಹೇಬರ ಮುಖ ಸಣ್ಣದಾಯಿತು, ಆದರೂ ಟೀ ತರಿಸಿದರು, ಬಿಸ್ಕತ್ತು ತರಿಸಿದರು. ಹಬೀಬಕ್ಕ ನಮಸ್ಕಾರ ಹೇಳಿ, "ಸರ್, ಕಟ್ಟೋಕ್ ಮುಂಚೆ ಎರಡನೇ ಅಂತಸ್ತು ಒಂದ್ಸಲ ಆಡ್ಬಿಡಿ" ಎಂದಳು.

"ಅದೇನು ನಂಗೆ ಗೊತ್ತಿಲ್ವಾ ಹಬೀಬಾ ಅವ್ರೇ, ಕಣ್ಮುಚ್ಕೊಂಡು ಆಡ್ತೀನಿ" ಎಂದು ಅವರು ಒಂದು ಕೈಯಲ್ಲಿ ಟೀ ಹಿಡಿದು, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ನಿಂತೇ ಶುರುಮಾಡಿದರು. ಲೆಕ್ಕದ ಪ್ರಕಾರ ಮೊದಲ ರಾಕ್ಷಸ ಬರಬೇಕಾದ ಕಡೆ ಕತ್ತಿ ಬೀಸಿದರು. ಯಾರೂ ಇರಲಿಲ್ಲ. ಖಾಲಿ ಗಾಳಿಯನ್ನು ಕಡಿದ ವೀರ ಮುಂದೆ ಹೋದ. ಎರಡನೆಯವನು ಬರಬೇಕಾದ ಕಡೆಯೂ ಯಾರೂ ಇಲ್ಲ. ಶ್ರೀಧರ್ ಹುಬ್ಬು ಗಂಟಿಕ್ಕಿ ನಮ್ಮ ಕಡೆ ತಿರುಗಿದರು. ತಿರುಗಬಾರದಿತ್ತು. ಒಂದರ ಹಿಂದೆ ಒಂದು ಮೂವರು ಬಂದು ಬಿದ್ದರು.

ಅವರು ಟೀ ಲೋಟ ಕೆಳಗಿಟ್ಟರು. ಎರಡನೇ ಸಲವೂ ಸತ್ತರು. ಮೂರನೇ ಸಲಕ್ಕೆ ನಿಂತು ಆಡಲಾಗದೆ, ಕೈ ಹಿಂದಕ್ಕೆ ತಡಕಾಡಿ, ಸಿಕ್ಕಿದ್ದರ ಮೇಲೆ ಕೂತರು. ಸಿಕ್ಕಿದ್ದು ಆ ರಟ್ಟಿನ ಪೆಟ್ಟಿಗೆ. ಅದು ಅವರ ಭಾರಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತ ಹೋಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾವು ಯಾರೂ ಹೇಳಲೂ ಇಲ್ಲ.

ಅಂತಸ್ತಿನ ಕೊನೆ ಮುಟ್ಟಿದ ಮೇಲೆ ಅವರು ಬೆವರು ಒರೆಸಿಕೊಂಡು, "ಯಾವ ಲೆಕ್ಕದಲ್ಲಿ ಇಟ್ರಿ ಇವರನ್ನ?" ಎಂದರು. ಹಬೀಬಕ್ಕ ಚಿಕ್ಕಬೀರಪ್ಪನನ್ನು ತೋರಿಸಿದಳು. ಚಿಕ್ಕಬೀರಪ್ಪ, "ಎಲ್ಲ ನಮ್ ಮಗ್ಗದೋರೇ ಸಾಮಿ" ಎಂದ. ಶ್ರೀಧರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ ಮುಖ ಗಂಭೀರವಾಯಿತು.

"ಎರಡನೇದು ಮಾಡಣ ಅಂತ ನಾಳೆ ಪಾರ್ಟ್ನರುಗಳ ಮುಂದೆ ನಾನು ಮಾತಾಡ್ಬೇಕು. ಒಂದು ವರ್ಷ ಮೂರೂ ಜನ ಮನೆ ಮಠ ಬಿಟ್ಟು ಮಾಡಿದ್ವಿ ಮೊದಲನೇದನ್ನ. ದೆಹಲಿಯವ್ನು ಬರೆದಿದ್ದು ಓದಿ ನಮ್ಮಲ್ಲಿ ಒಬ್ಬ ಅತ್ತುಬಿಟ್ಟ. ಅವ್ನಿಗೆ ಏನೂ ಗೊತ್ತಿಲ್ಲ, ಹೊಟ್ಟೆಕಿಚ್ಚಿಗೆ ಬರ್ದ ಅಂತ ನಾವೇ ಸಮಾಧಾನ ಮಾಡ್ಕೊಂಡಿದೀವಿ." ಅವರು ಹಬೀಬಕ್ಕನ ಕಡೆ ನೋಡಿದರು. "ಮುನಿಕೃಷ್ಣ ಅವ್ರು ಒಳ್ಳೇ ಮನುಷ್ಯರು, ಅವ್ರ ಮಾತು ಬಿಡಿ. ನೀವು ಹೇಳಿ ಹಬೀಬಾ ಅವ್ರೇ. ಅದರಲ್ಲಿ ಅರ್ಧ ನಿಮ್ಮ ಕೆಲಸ. ನಮ್ಮ ಗೇಮ್ ನಿಜವಾಗ್ಲೂ ಕೆಟ್ಟದಾಗಿತ್ತಾ?"

ಸಾಹೇಬರು ಶ್ರೀಧರ್ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದರು. ನಾನು ಕೂಡ, ಮೊದಲ ಅಂತಸ್ತಿನ ಬಾಗಿಲು ಚೆನ್ನಾಗಿತ್ತು ಅಂತ ಏನಾದರೂ ಹೇಳಿ ಕಾಪಾಡೋಣ ಎಂದು ಬಾಯಿ ತೆರೆಯುತ್ತಿದ್ದೆ. ಹಬೀಬಕ್ಕ ಒಂದು ಕಣ್ಣನ್ನೂ ಮುಚ್ಚಲಿಲ್ಲ.

"ಕೆಟ್ಟದಾಗೇ ಇತ್ತು ಸರ್. ಚೆನ್ನಾಗಿದ್ದಿದ್ರೆ ಇನ್ನೊಂದು ಯಾಕ್ ಮಾಡ್ಬೇಕಿತ್ತು?"